ಕ್ಯಾಂಟೀನಿಗೆ ಬಂದ ಅಳಿಯ

ನನ್ನ ಕೆಲಸ ಉಸಿರು ಎಣಿಸುವುದು. ನಗುವವರು ನಗಲಿ, ಇಪ್ಪತ್ತೆರಡು ವರ್ಷದಿಂದ ಮೃಗಾಲಯದ ಆಸ್ಪತ್ರೆಯಲ್ಲಿ ನಾನು ಮಾಡುತ್ತಿರುವುದು ಇದನ್ನೇ. ಡಾಕ್ಟರು ದೂರದಿಂದ ಪ್ರಾಣಿಗೆ ಮದ್ದಿನ ಸೂಜಿ ಹಾರಿಸುತ್ತಾರೆ. ಪ್ರಾಣಿ ತೂರಾಡಿ ಕುಸಿಯುತ್ತದೆ. ನಾನು ಓಡಿ ಅದರ ತಲೆಯ ಹತ್ತಿರ ಕೂತು, ಕತ್ತು ಮೇಲೆ ಮೂಗು ಕೆಳಗೆ ಬರುವ ಹಾಗೆ ಹಿಡಿದು, ಪಕ್ಕೆ ಏಳುವುದನ್ನು ಗಟ್ಟಿಯಾಗಿ ಎಣಿಸುತ್ತೇನೆ. ನನ್ನ ಬಾಯಿ ನಿಂತರೆ ಡಾಕ್ಟರ ಕೈಯೂ ನಿಲ್ಲುತ್ತದೆ. ಆ ಮದ್ದು ಅಂಥದ್ದು. ನೋವಿಗೆ ಕೊಡುವ ಅಫೀಮಿನ ಜಾತಿಯದೇ, ಆದರೆ ಕಾರ್ಖಾನೆಯಲ್ಲಿ ಹುಟ್ಟಿದ್ದು, ಅದಕ್ಕಿಂತ ಸಾವಿರಾರು ಪಟ್ಟು ಜೋರು. ಚರ್ಮದ ಗೀರಿನೊಳಗೆ ಒಂದು ಹನಿ ಇಳಿದರೆ ಮನುಷ್ಯನಿಗೆ ಉಸಿರಾಡುವುದೇ ಮರೆತುಹೋಗುತ್ತದೆ.

ಅದಕ್ಕೇ ನಮ್ಮಲ್ಲೊಂದು ಪದ್ಧತಿ ಇದೆ. ಮದ್ದಿನ ಪೆಟ್ಟಿಗೆಯ ಬೀಗ ತೆಗೆಯುವ ಮೊದಲು ಮನುಷ್ಯರಿಗೆ ಬೇಕಾಗುವ ಪ್ರತಿಮದ್ದನ್ನು ಸಿರಿಂಜಿಗೆ ಎಳೆದು ನನ್ನ ಅಂಗಿಯ ಜೇಬಿಗೆ ಹಾಕಬೇಕು. "ಜೇಬಲ್ಲಿದೆ" ಅಂತ ನಾನು ಕೂಗಬೇಕು. "ಜೇಬಲ್ಲಿದೆ" ಅಂತ ಡಾಕ್ಟರು ತಿರುಗಿ ಕೂಗಬೇಕು. ಆಮೇಲೇ ಬೀಗ. ಹೊಸದಾಗಿ ನೋಡಿದವರಿಗೆ ಮಕ್ಕಳಾಟ ಅನ್ನಿಸುತ್ತದೆ. ಆ ದಿನ ಬಂದ ಇಬ್ಬರಿಗೂ ಹಾಗೇ ಅನ್ನಿಸಿತು.

ಒಬ್ಬರು ಗೃಹ ಇಲಾಖೆಯ ದೊಡ್ಡ ಸಾಹೇಬರು, ಅರವತ್ತರ ಹತ್ತಿರ, ಇಸ್ತ್ರಿ ಮುರಿಯದ ಅಂಗಿ. ಇನ್ನೊಬ್ಬ ಅವರ ಕೈಕೆಳಗಿನ ಅಧಿಕಾರಿ, ಜೊತೆಗೆ ಅವರ ಮಗಳ ಗಂಡ. ಡ್ರೈವರ್ ಬಾಯಿಂದ ಹಿಡಿದು ನಮ್ಮ ಗೇಟಿನವನ ತನಕ ಎಲ್ಲರೂ ಅವನನ್ನು 'ಅಳಿಯ ಸಾಹೇಬ್ರು' ಅನ್ನುತ್ತಿದ್ದರು. ಮಾವನ ಫೈಲು, ಮಾವನ ನೀರಿನ ಬಾಟಲಿ, ಮಾವನ ಕನ್ನಡಕದ ಡಬ್ಬಿ ಎಲ್ಲ ಅವನ ಕೈಯಲ್ಲಿ. ಪಾಪ ಅನ್ನಿಸುವಷ್ಟು ವಿನಯದ ಹುಡುಗ. ಬೆಳಿಗ್ಗೆ ಹತ್ತಕ್ಕೆ ನಮ್ಮ ಮುದಿ ಸಾರಂಗ 'ತಾತ'ನ ಗೊರಸು ಕತ್ತರಿಸುವುದಿತ್ತು. ಅದನ್ನು ನೋಡಲು ಇವರಿಗೆ ಮೇಲಿನಿಂದ ಅಪ್ಪಣೆ ಆಗಿತ್ತಂತೆ. ಗೊರಸು ಕತ್ತರಿಸುವುದರಲ್ಲಿ ಇಲಾಖೆಗೇನು ಕೆಲಸ ಅಂತ ನನಗೆ ಅರ್ಥವಾಗಲಿಲ್ಲ.

ಸೂಜಿ ತಾತನ ತೊಡೆಗೆ ಬಿತ್ತು. ಸಾಹೇಬರು ಕೈಗಡಿಯಾರ ನೋಡಿಕೊಂಡರು. ತಾತ ಮುಂಗಾಲು ಮಡಿಚಿದ. ನಾನು ಹೋಗಿ ಕತ್ತು ಹಿಡಿದು ಎಣಿಸತೊಡಗಿದೆ.

"ಎಷ್ಟು ಬೇಗ!" ಅಂದರು ಸಾಹೇಬರು. "ಡಾಕ್ಟ್ರೇ, ಒಂದೇ ಕೋಣೇಲಿ ತುಂಬಾ ಇದ್ರೆ? ಸೂಜಿ ಬೇಡ, ಗಾಳೀಲಿ ಬಿಟ್ರೆ?"

ಡಾಕ್ಟರು ಗೊರಸಿನಿಂದ ತಲೆ ಎತ್ತಿದರು. "ಯಾವ ಪ್ರಾಣಿ?"

"ಪ್ರಾಣಿ ಅಲ್ಲ." ಸಾಹೇಬರ ದನಿ ಬಹಳ ಮೃದು. "ಗಿರಣಿ ಕ್ಯಾಂಟೀನಿನ ವಿಷಯ ಪೇಪರಲ್ಲಿ ಓದಿರ್ತೀರಿ. ಗಿರಣಿ ಮುಚ್ಚಬಾರದು ಅಂತ ನೂರ ನಲವತ್ತು ಜನ ಆರು ದಿನದಿಂದ ಒಳಗೆ ಕೂತಿದ್ದಾರೆ. ಮ್ಯಾನೇಜರನ್ನೂ ಕೂಡಿ ಹಾಕ್ಕೊಂಡಿದ್ದಾರೆ. ಇವತ್ತು ಎರಡು ಗಂಟೆಗೆ ಒಳಗೆ ನುಗ್ಗಲೇಬೇಕು ಅಂತ ಆರ್ಡರ್. ಗುಂಡು ಹಾರಿಸಿದ್ರೆ ಹತ್ತು ಹೆಣ ಬೀಳತ್ತೆ. ಮಲಗಿಸಿಬಿಟ್ರೆ ಒಂದೂ ಬೀಳಲ್ಲ. ಮದ್ದು ನಮ್ಮ ಹತ್ರ ಬಂದಿದೆ, ನಿಮ್ಮದರ ತಮ್ಮನೇ ಅಂದ್ಕೊಳಿ. ಈ ಅಳತೆಯಿಂದ ಪ್ರಾಣಕ್ಕೆ ಅಪಾಯ ಇಲ್ಲ ಅಂತ ತಿಳಿದವರೊಬ್ಬರ ಸಹಿ ಬೇಕು. ಗುಂಡಿಗಿಂತ ನಿದ್ದೆ ವಾಸಿ ಅಲ್ವಾ?"

ನನ್ನ ಎಣಿಕೆ ತಪ್ಪಿತು. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ತಪ್ಪಿದ್ದು ಅದೇ ಮೊದಲು. ಆ ನೂರ ನಲವತ್ತರಲ್ಲಿ ನನ್ನ ತಂಗಿ ಇದ್ದಳು.

ನನ್ನ ತಂಗಿಯ ನಿದ್ದೆ ಎಂಥದ್ದು ಅಂತ ನನಗೆ ಗೊತ್ತು. ಚಿಕ್ಕಂದಿನಿಂದ ಗೊರಕೆ. ಗೊರಕೆಯ ನಡುವೆ ಉಸಿರು ನಿಂತೇಬಿಡುತ್ತದೆ, ಎಂಟು, ಹತ್ತು, ಹನ್ನೆರಡು ಎಣಿಸುವ ತನಕ. ಪಕ್ಕದಲ್ಲಿ ಮಲಗುತ್ತಿದ್ದ ನಾನು ಮೊಣಕೈಯಿಂದ ತಿವಿದು ಮಗ್ಗುಲು ತಿರುಗಿಸುತ್ತಿದ್ದೆ. ಮದುವೆಯಾದ ಮೇಲೆ ಆ ಕೆಲಸ ಅವಳ ಗಂಡನಿಗೆ ಹೋಯಿತು. ಮಾಮೂಲಿ ನಿದ್ದೆಯಲ್ಲೇ ಹೀಗೆ. ಇವರು ಕೊಡಬೇಕೆಂದಿರುವ ನಿದ್ದೆಯಲ್ಲಿ ತಿವಿಯುವವರು ಯಾರು? ಪಕ್ಕದಲ್ಲಿರುವವರೂ ಮಲಗಿರುತ್ತಾರಲ್ಲ!

"ಡಾಕ್ಟ್ರೇ," ಅಂದೆ, "ಈ ತಾತನ ತೂಕ ನೋಡಿ, ವಯಸ್ಸು ನೋಡಿ, ನಿನ್ನೆಯಿಂದ ಹೊಟ್ಟೆ ಖಾಲಿ ಬಿಟ್ಟು ಮದ್ದು ಅಳೆದಿದ್ದೀರಿ. ಅಷ್ಟಾದ್ರೂ ನಾನು ಇಲ್ಲಿ ಕೂತಿದ್ದೀನಿ. ಅಲ್ಲಿ ಯಾರ ತೂಕ ಗೊತ್ತು ಇವರಿಗೆ? ಗಂಡಸಿಗೂ ಅದೇ ಗಾಳಿ, ಬಸುರಿಗೂ ಅದೇ ಗಾಳೀನಾ?"

"ನೀವು ಎಣಿಸಿ," ಅಂದರು ಡಾಕ್ಟರು, ನನ್ನ ಮುಖ ನೋಡದೆ. ಅವರು ಕೆಟ್ಟವರಲ್ಲ. ಗುಂಡಿನ ಮಾತು ಅವರ ಮನಸ್ಸಿಗೆ ನಾಟಿತ್ತು.

ಅಷ್ಟರಲ್ಲಿ ತಾತನ ತೊಡೆಯಿಂದ ಸೂಜಿ ಕಳಚಿ ಹುಲ್ಲಿಗೆ ಬಿತ್ತು. ಬಿದ್ದ ಸೂಜಿಯನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ದಪ್ಪ ಕೈಗವಸು ಹಾಕಿ, ಇಕ್ಕಳದಲ್ಲಿ ಹಿಡಿದು, ಮುಚ್ಚಳದ ಡಬ್ಬಿಗೆ ಹಾಕಬೇಕು. ಅಳಿಯನಿಗೆ ಅದೇನು ಗೊತ್ತು? ಯಾರ ಕೈಯಿಂದ ಏನು ಬಿದ್ದರೂ ಬಗ್ಗಿ ಎತ್ತಿಕೊಡುವುದು ಅವನ ರಕ್ತದಲ್ಲೇ ಬಂದುಬಿಟ್ಟಿತ್ತು. ಪೆನ್ನು ಎತ್ತುವ ಹಾಗೆ ಎತ್ತಿ, "ತಗೊಳ್ಳಿ ಮೇಡಂ" ಅಂತ ನನ್ನ ಕಡೆ ಚಾಚಿದ.

"ಬಿಸಾಕೋ!" ಅಂತ ಕಿರುಚಿದೆ.

ಹೆದರಿ ಬಿಸಾಕಿದ. ಬಿಸಾಕುವಾಗ ಹೆಬ್ಬೆರಳಿಗೆ ಚುಚ್ಚಿಕೊಂಡ. ಚುಚ್ಚಿದ ಬೆರಳನ್ನು ಎಲ್ಲರೂ ಏನು ಮಾಡುತ್ತಾರೋ ಅದನ್ನೇ ಮಾಡಿದ, ಬಾಯಿಗಿಟ್ಟು ಚೀಪಿದ.

"ಏನಿಲ್ಲ, ಏನಿಲ್ಲ, ಸ್ವಲ್ಪ ಚುಚ್ತು ಅಷ್ಟೇ," ಅಂತ ನಾಚಿಕೊಂಡು ನಕ್ಕ. ಆ ನಗು ಮುಖದ ಮೇಲೆ ಇದ್ದ ಹಾಗೇ ಮೊಣಕಾಲು ಮಡಿಚಿತು.

ನನ್ನ ಕೈಯಲ್ಲಿ ತಾತನ ತಲೆ. ಎದುರಿಗೆ ನೆಲದ ಮೇಲೆ ಅಳಿಯ. ಒಂದು ಕ್ಷಣ, ಸುಳ್ಳೇಕೆ ಹೇಳಲಿ, ಎರಡನ್ನೂ ನೋಡಿದೆ. ಆಮೇಲೆ "ಸಾಹೇಬ್ರೇ, ಬನ್ನಿ! ಇದರ ಕತ್ತು ಹಿಡೀರಿ, ಹೀಗೆ, ಮೇಲಕ್ಕೆ, ಬಿಡಬೇಡಿ!" ಅಂತ ಕೂಗಿ, ದೊಡ್ಡ ಸಾಹೇಬರ ಕೈಗೆ ತಾತನ ಕೊಂಬು ಕೊಟ್ಟು ಇತ್ತ ಹಾರಿದೆ. ತುಟಿ ಆಗಲೇ ನೇರಳೆ ಬಣ್ಣಕ್ಕೆ ತಿರುಗಿತ್ತು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಎದೆ ಏಳುತ್ತಿಲ್ಲ. ಸಿರಿಂಜಿನಲ್ಲಿದ್ದದ್ದನ್ನು ಪ್ಯಾಂಟಿನ ಮೇಲೆಯೇ ತೊಡೆಗೆ ಚುಚ್ಚಿದೆ. ಡಾಕ್ಟರು ಗದ್ದ ಎತ್ತಿ ಹಿಡಿದು ಮುಖಕ್ಕೆ ಮಾಸ್ಕ್ ಒತ್ತಿದರು, ನಾನು ಗಾಳಿಯ ಚೀಲ ಹಿಸುಕಿದೆ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಒಂದು, ಬಿಡು. ಎರಡು, ಬಿಡು.

ಹದಿನಾರನೆಯ ಸಲ ಹಿಸುಕಿದಾಗ ಅವನು ತಾನಾಗಿ ಒಂದು ಉಸಿರು ಎಳೆದ. ನನ್ನ ಕಣ್ಣಲ್ಲಿ ನೀರು ಬಂತು. ಯಾರ ಮಗನೋ ಏನೋ, ಆದರೂ ಬಂತು.

ತಿರುಗಿ ನೋಡಿದರೆ ತಾತನ ಹತ್ತಿರ ಯಾರೂ ಇಲ್ಲ. ಸಾಹೇಬರು ಬೇಲಿಯ ಆಚೆ ನಿಂತು ಫೋನಿನಲ್ಲಿ ಆಂಬುಲೆನ್ಸಿಗೆ ಕೂಗಾಡುತ್ತಿದ್ದರು. ತಾತನ ಕತ್ತು ಹುಲ್ಲಿನ ಮೇಲೆ ಸೊಟ್ಟಗೆ ಬಿದ್ದಿತ್ತು. ಒಂದು ದಿನದ ಉಪವಾಸಕ್ಕೂ ಖಾಲಿಯಾಗದ ಮೆಲುಕಿನ ನೀರು ಗಂಟಲಿಗೆ ಬಂದು ಉಸಿರಿನ ದಾರಿಗೆ ಇಳಿದಿತ್ತು. ಡಾಕ್ಟರು ಓಡಿಹೋಗಿ ಅದಕ್ಕೂ ಪ್ರತಿಮದ್ದು ಕೊಟ್ಟರು, ಎದೆ ಗುದ್ದಿದರು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಹದಿನೇಳು ವರ್ಷ ನಮ್ಮ ಕೈಯಿಂದಲೇ ತಿಂದ ಪ್ರಾಣಿ.

ಅಳಿಯ ಎದ್ದು ಕೂತು ಮೊದಲು ಹೇಳಿದ ಮಾತು ಏನು ಗೊತ್ತೇ? "ಒಳ್ಳೆ ನಿದ್ದೆ ಬಂದಿತ್ತು."

"ನೋಡಿದ್ರಾ ಡಾಕ್ಟ್ರೇ!" ಸಾಹೇಬರ ಮುಖ ಅರಳಿತು. ಹೆದರಿಕೆ ಇಳಿದ ಸಂತೋಷವೋ, ಕೆಲಸ ಸುಲಭವಾದ ಸಂತೋಷವೋ, ದೇವರೇ ಬಲ್ಲ. "ಇಪ್ಪತ್ತು ನಿಮಿಷ. ಮಲಗಿದ, ಎದ್ದ. ಇದಕ್ಕಿಂತ ಸಾಕ್ಷಿ ಬೇಕಾ?" ಅಂತ ಫೈಲು ತೆರೆದು, ಸಹಿ ಹಾಕುವ ಕಾಗದ ಹೊರಗೆ ತೆಗೆದರು.

ನನಗೆ ಪಿತ್ತ ನೆತ್ತಿಗೇರಿತು. "ಮಲಗಿದ್ದು ಇಬ್ಬರು ಸ್ವಾಮಿ! ಎದ್ದದ್ದು ಒಬ್ಬ. ಇನ್ನೊಂದನ್ನ ನಿಮ್ಮ ಕೈಗೆ ಕೊಟ್ಟಿದ್ದೆ."

"ಅದು ಪ್ರಾಣಿ ಕಣಮ್ಮ."

"ನನ್ನ ತಂಗಿ ಇದ್ದಾಳೆ ಆ ಕ್ಯಾಂಟೀನಲ್ಲಿ."

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ನೋಡಿ ಇವ್ರೇ, ಇನ್ನೂ ಹನ್ನೊಂದೂವರೆ. ಟೈಮ್ ಇದೆ. ನೀವು ಹೋಗಿ ತಂಗೀನ ಹೊರಗೆ ಕರ್ಕೊಂಡ್ಬಂದ್ಬಿಡಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವರ ಕೈಯಲ್ಲಿ ಆಗಲೇ ಪೆನ್ನು ಇತ್ತು.

ಆಂಬುಲೆನ್ಸ್ ಬರಲಿಲ್ಲ. ಊರಿನ ಆಂಬುಲೆನ್ಸುಗಳನ್ನೆಲ್ಲ ಗಿರಣಿ ಗೇಟಿನಲ್ಲಿ ನಿಲ್ಲಿಸಿದ್ದರಂತೆ, ಕದಲುವ ಹಾಗಿಲ್ಲವಂತೆ. ಅಳಿಯನನ್ನು ಸುಮ್ಮನೆ ಮನೆಗೆ ಕಳಿಸುವಂತಿರಲಿಲ್ಲ. ಪ್ರತಿಮದ್ದು ಬೇಗ ಕರಗುತ್ತದೆ, ಮದ್ದು ಒಳಗೇ ಇರುತ್ತದೆ. ಸರಿಹೋಯಿತು ಅಂದುಕೊಂಡವನು ಮತ್ತೆ ಮುಳುಗುತ್ತಾನೆ. ಹಾಗಾಗಿ ಮೃಗಾಲಯದ ಡ್ರೈವರನ್ನು ಎಬ್ಬಿಸಿ, ವ್ಯಾನಿನಲ್ಲಿ ಅವನನ್ನೂ ಹಾಕಿಕೊಂಡು ನಾನು ಗಿರಣಿಗೆ ಹೊರಟೆ. ಅವನನ್ನು ಆಂಬುಲೆನ್ಸಿಗೆ ಒಪ್ಪಿಸುವುದು, ತಂಗಿಯನ್ನು ಕರೆತರುವುದು, ಎರಡೂ ಒಂದೇ ಕಡೆ. ಪೆಟ್ಟಿಗೆಯಲ್ಲಿ ಪ್ರತಿಮದ್ದಿನ ಎರಡೇ ಸೀಸೆ ಉಳಿದಿದ್ದವು. ಎರಡನ್ನೂ ಜೇಬಿಗೆ ಹಾಕಿಕೊಂಡೆ.

ದಾರಿಯಲ್ಲಿ ಅವನು ಹೆಂಡತಿಯ ವಿಷಯ ಹೇಳುತ್ತಿದ್ದ. ಮಾತು ನಿಧಾನವಾಯಿತು. ಹೇಳುತ್ತ ಹೇಳುತ್ತ ವಾಕ್ಯದ ನಡುವೆಯೇ ನಿಂತುಬಿಟ್ಟ. ನೋಡಿದರೆ ಗದ್ದ ಎದೆಗೆ ಬಿದ್ದಿದೆ, ನಿಮಿಷಕ್ಕೆ ನಾಲ್ಕು ಉಸಿರು. "ಏಳೋ! ಉಸಿರಾಡೋ ಮಾರಾಯ!" ಅಂತ ಕೆನ್ನೆಗೆ ಬಾರಿಸಿ, ಅಲ್ಲಾಡುವ ವ್ಯಾನಿನಲ್ಲಿ ಒಂದು ಸೀಸೆಯ ಮದ್ದನ್ನು ಸಿರಿಂಜಿಗೆ ಎಳೆದು ಚುಚ್ಚಿದೆ. ಕಣ್ಣು ಬಿಟ್ಟ. ಈ ಸಲ ಒಳ್ಳೆಯ ನಿದ್ದೆ ಅನ್ನಲಿಲ್ಲ.

"ನಾನು ಎಷ್ಟು ಹೊತ್ತು ಉಸಿರಾಡಿರಲಿಲ್ಲ ಮೇಡಂ? ಬೆಳಿಗ್ಗೆ?"

"ಎರಡು ನಿಮಿಷದ ಹತ್ತಿರ."

"ನನಗೇನೂ ಗೊತ್ತೇ ಆಗ್ಲಿಲ್ಲ."

"ಗೊತ್ತಾಗಲ್ಲ. ಅದೇ ಅದರ ಗುಣ."

ಗಿರಣಿ ಗೇಟಿನಲ್ಲಿ ಆಂಬುಲೆನ್ಸ್ ಎಣಿಸಿದೆ. ಆರು. ಮೊದಲನೆಯದರ ಬಾಗಿಲಲ್ಲಿ ಕೂತಿದ್ದ ನರ್ಸಮ್ಮನಿಗೆ ನಡೆದದ್ದು ಹೇಳಿ, "ಪ್ರತಿಮದ್ದು ಎಷ್ಟು ತಂದಿದ್ದೀರಿ?" ಅಂತ ಕೇಳಿದೆ.

"ಯಾವುದಕ್ಕೆ ಪ್ರತಿಮದ್ದು?" ಅಂದಳು ಅವಳು. "ನಮಗೆ ಏನೂ ಹೇಳಿಲ್ಲಮ್ಮ. ತಲೆ ಸುತ್ತಿ ಬಿದ್ದವರು ಸಿಗಬಹುದು, ಸ್ಟ್ರೆಚರ್ ತನ್ನಿ ಅಂದ್ರು. ಗುಟ್ಟಿನ ವಿಷಯವಂತೆ."

ಅಳಿಯ ಅವಳನ್ನು ನೋಡಿದ, ಆರು ಗಾಡಿಗಳನ್ನು ನೋಡಿದ, ಆಮೇಲೆ ನನ್ನ ಜೇಬನ್ನು ನೋಡಿದ. ಊರಿಗೆಲ್ಲ ಉಳಿದಿದ್ದ ಒಂದು ಸೀಸೆ ಅದರಲ್ಲಿತ್ತು.

"ನಾನು ಒಳಗೆ ಹೋಗ್ತೀನಪ್ಪ," ಅಂದೆ. "ನನ್ನ ತಂಗಿ ಇದ್ದಾಳೆ. ನೀನು ಇವರ ಹತ್ರ ಕೂತಿರು. ಕಣ್ಣು ಮುಚ್ಚಕ್ಕೆ ಬಿಡಬೇಡಿ ಅಂತ ಹೇಳ್ತೀನಿ."

"ಮುಚ್ಚಿಬಿಟ್ರೆ?"

ನಾನು ಗೇಟಿನ ಕಡೆ ನಡೆದೆ. ಅವನು ನನ್ನ ಹಿಂದೆ ಬಂದ. ಗೇಟಿನ ಕಾವಲಿನವರು ನನ್ನನ್ನು ತಡೆದರು. ಅವನು ಗುರುತಿನ ಚೀಟಿ ತೋರಿಸಿದ್ದೇ ತಡ, ಸಲಾಮು ಹೊಡೆದು ದಾರಿ ಬಿಟ್ಟರು.

ಕ್ಯಾಂಟೀನೆಂದರೆ ಉದ್ದನೆಯ ಹಾಲ್. ಬೆಂಚುಗಳನ್ನು ಗೋಡೆಗೆ ಸರಿಸಿ ನೆಲಕ್ಕೆ ರಟ್ಟು ಹಾಸಿದ್ದರು. ಕಿಟಕಿಗಳಿಗೆ ಹಿಂದಿನ ದಿನ ಪೊಲೀಸರು ಹೊರಗಿನಿಂದ ಹಲಗೆ ಹೊಡೆದು ಹೋಗಿದ್ದರಂತೆ. ಚಾವಣಿಯ ಉದ್ದಕ್ಕೂ ಗಾಳಿಯ ತಗಡಿನ ಕೊಳವೆ, ಅದಕ್ಕೆ ಎಂಟು ಜಾಲರಿ. ಮ್ಯಾನೇಜರು ಮೂಲೆಯಲ್ಲಿ ನೇಯ್ಗೆಯವರ ಜೊತೆ ಇಸ್ಪೀಟು ಆಡುತ್ತ ಸೋಲುತ್ತಿದ್ದ. ತಂಗಿ ಓಡಿಬಂದು ನನ್ನ ಕೈ ಹಿಡಿದಳು.

"ಅಕ್ಕಾ! ನೀನ್ಯಾಕೆ ಬಂದೆ? ಇವರ್ಯಾರು?"

"ನಡಿ, ಹೊರಡು. ಆಮೇಲೆ ಹೇಳ್ತೀನಿ. ಚಪ್ಪಲಿ ಹಾಕ್ಕೋ."

"ಮೊದಲು ಹೇಳು."

ಹೇಳಿದೆ. ಮೆಲ್ಲಗೆ ಹೇಳಬೇಕೆಂದಿದ್ದೆ, ನನ್ನ ಗಂಟಲಿಗೆ ಮೆಲ್ಲಗೆ ಅನ್ನುವುದೇ ಬರುವುದಿಲ್ಲ. ಇಸ್ಪೀಟು ನಿಂತಿತು. ಎಲ್ಲರ ಕಣ್ಣೂ ಜಾಲರಿಗೆ ಹೋಯಿತು. ಹತ್ತು ಹನ್ನೆರಡು ಜನ ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು, ಉಳಿದವರ ಮುಖ ನೋಡಿ ನಿಂತರು.

"ನಾನು ಒಳಗಿದ್ದೀನಲ್ಲ!" ಅಂದ ಮ್ಯಾನೇಜರು. "ನನ್ನ ಮೇಲೂ ಬಿಡ್ತಾರಾ?"

"ನಿಮ್ಮನ್ನ ಕಾಪಾಡೋಕೇ ಅಂತೆ ಬಿಡ್ತಾ ಇರೋದು," ಅಂದೆ. ಯಾರೋ ನಕ್ಕರು. ನಗು ಅರ್ಧಕ್ಕೇ ಸತ್ತಿತು.

"ನೀನು ಹೋಗಕ್ಕಾ," ಅಂದಳು ತಂಗಿ. "ನಾನು ಈಗ ಎದ್ದು ಹೋದ್ರೆ ಎಲ್ಲರೂ ಹೋಗ್ತಾರೆ. ನಾವು ಹೋದ ಸಾಯಂಕಾಲವೇ ಮಗ್ಗಗಳನ್ನ ಲಾರಿಗೆ ಏರಿಸ್ತಾರೆ. ನನಗೂ ಹೆದರಿಕೆ ಆಗತ್ತೆ ಕಣೇ. ಆದ್ರೂ ಬರಲ್ಲ."

"ನಿನ್ನ ಗೊರಕೆ ಗೊತ್ತಿದ್ದೂ ಹೀಗಂತೀಯಾ? ಸಾಯ್ತೀಯ ಕಣೇ ಮುಂಡೇದೇ!"

"ಹಾಗಾದ್ರೆ ನೀನು ಪಕ್ಕದಲ್ಲಿ ಕೂತು ತಿವಿ."

ಎಷ್ಟು ಬೈದೆನೋ ನನಗೇ ಲೆಕ್ಕವಿಲ್ಲ. ಅವಳನ್ನು ಎಳೆದೆ, ಅವಳು ಕಂಬ ಹಿಡಿದುಕೊಂಡಳು, ಇಬ್ಬರೂ ಅತ್ತೆವು. ಕಡೆಗೆ ಅವಳ ರಟ್ಟಿನ ಮೇಲೆ ನಾನೂ ಕೂತೆ. ಬಿಟ್ಟು ಹೋಗಲು ನನ್ನ ಕಾಲು ಏಳಲಿಲ್ಲ. ಗೋಡೆಯ ಗಡಿಯಾರದಲ್ಲಿ ಒಂದು ಇಪ್ಪತ್ತು.

ಅಳಿಯನ ಫೋನು ಹೊಡೆದುಕೊಂಡಿತು. ಹಾಲ್ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಆಚೆಯ ಸಾಹೇಬರ ದನಿ ನನಗೂ ಕೇಳಿಸುತ್ತಿತ್ತು.

"ಎಲ್ಲಿದ್ದೀರಿ? ಆಸ್ಪತ್ರೆಗೆ ಸೇರಿಸಿದ್ರಾ? ಇಲ್ಲಿ ಡಾಕ್ಟ್ರು ಸಹಿ ಮಾಡಿ ಕೊಟ್ರು. ಎರಡು ಗಂಟೆಗೆ ಶುರು."

ಸಹಿ ಮಾಡಿದರು! ತಾತನ ಹೆಣದ ಪಕ್ಕದಲ್ಲೇ ಕೂತು ಮಾಡಿದರೋ ಏನೋ. ಅಳಿಯನ ಕೈಯಿಂದ ಫೋನು ಕಸಿದುಕೊಂಡೆ. "ಡಾಕ್ಟ್ರಿಗೆ ಕೊಡಿ."

"ನೀವಾ?" ಅಂದರು ಡಾಕ್ಟರು. "ತಂಗಿ ಹೊರಗೆ ಬಂದ್ಲಲ್ಲಾ? ಅದಕ್ಕೇ ನಾನು..."

"ಬಂದಿಲ್ಲ. ನಾನೂ ಒಳಗಿದ್ದೀನಿ. ಬಂದಿದ್ರೂ ಕೇಳ್ತೀನಿ, ಮಿಕ್ಕ ನೂರ ಮೂವತ್ತೊಂಬತ್ತು ಜನ ಯಾರ ತಂಗಿ ಡಾಕ್ಟ್ರೇ?"

ಆಮೇಲೆ ಡಾಕ್ಟರು "ಸಾಹೇಬ್ರೇ, ಆ ಕಾಗದ ವಾಪಸ್ ಕೊಡಿ" ಅನ್ನುವುದು ಕೇಳಿಸಿತು. "ಕೊಟ್ಟಿದ್ದು ಕೊಟ್ಟಾಯ್ತು ಡಾಕ್ಟ್ರೇ" ಅನ್ನುವುದೂ ಕೇಳಿಸಿತು. ಅಳಿಯ ಕೈ ಚಾಚಿ ಫೋನು ತೆಗೆದುಕೊಂಡ.

"ಮಾವ, ನಾನು ಕ್ಯಾಂಟೀನೊಳಗೆ ಇದ್ದೀನಿ."

"ಏನು? ತಲೆ ಕೆಟ್ಟಿದೆಯಾ? ಯಾರು ಹಿಡಿದಿಟ್ಟಿದ್ದಾರೆ?"

"ಯಾರೂ ಇಲ್ಲ. ಬಾಗಿಲು ತೆರೆದೇ ಇದೆ."

"ಹಾಗಾದ್ರೆ ಎದ್ದು ಬನ್ನಿ! ಈಗಲೇ!"

ಅವನು ಹೋಗುತ್ತಾನೆ ಅಂದುಕೊಂಡೆ. ಹೋಗಿದ್ದರೆ ನಾನು ಬೈಯುತ್ತಿರಲಿಲ್ಲ. ಹೆಂಡತಿ ಇದ್ದಾಳೆ, ವಯಸ್ಸು ಇನ್ನೂ ಮೂವತ್ತು ದಾಟಿಲ್ಲ. ಕೊನೆಯ ಸೀಸೆಯನ್ನು ತೆಗೆದು ಅವನ ಕಡೆ ಹಿಡಿದೆ. "ತಗೊಂಡು ಹೋಗಪ್ಪ. ನರ್ಸಮ್ಮನಿಗೆ ಕೊಡು, ನಿದ್ದೆ ಬಂದ ಹಾಗಾದ್ರೆ ಚುಚ್ಚು ಅನ್ನು." ಅವನು ಸೀಸೆಯನ್ನು ನೋಡಿದ, ತೆಗೆದುಕೊಳ್ಳಲಿಲ್ಲ.

"ಮಾವ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಎಂದಿನ ವಿನಯವೇ. "ಬೆಳಿಗ್ಗೆ ನನಗೇನೂ ಆಗ್ಲಿಲ್ಲ ಅಂದ್ರಿ. ಅಪಾಯ ಇಲ್ಲ ಅಂತ ಸಹೀನೂ ಆಗಿದೆ. ಮತ್ತೆ ಯಾಕೆ ಹೊರಗೆ ಕರೀತೀರಿ? ನಾನು ಇಲ್ಲೇ ಇರ್ತೀನಿ. ಬಿಡಿ."

"ನನ್ನ ಮಗಳಿಗೆ ಏನು ಹೇಳಲಿ ನಾನು?"

"ಪ್ರಾಣಕ್ಕೆ ಅಪಾಯ ಇಲ್ಲ ಅಂತ ಹೇಳಿ," ಅಂದು ಫೋನು ಇಟ್ಟ. ತಂಗಿ ಸರಿದು ರಟ್ಟಿನ ಮೇಲೆ ಅವನಿಗೂ ಜಾಗ ಕೊಟ್ಟಳು.

ಒಂದೂ ಮುಕ್ಕಾಲು. ನಾನು ಎಲ್ಲರನ್ನೂ ಮಗ್ಗುಲಾಗಿ ಮಲಗಿಸಿ ತೋರಿಸಿದೆ, ಮೇಲಿನ ಮೊಣಕಾಲು ಹೀಗೆ ಮಡಿಚಿ, ಬಾಯಿ ನೆಲದ ಕಡೆ ಬರಲಿ, ಅಂಗಾತ ಮಲಗಬೇಡಿ ಅಂತ. ಮ್ಯಾನೇಜರು ಎಲ್ಲರಿಗಿಂತ ಶ್ರದ್ಧೆಯಿಂದ ಕಲಿತ. ಅದರಿಂದ ಎಷ್ಟು ಜನ ಉಳಿಯುತ್ತಾರೋ ನನಗೆ ಗೊತ್ತಿರಲಿಲ್ಲ. ಕೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತಿತ್ತು.

ಎರಡು ಗಂಟೆ. ಎಂಟು ಜಾಲರಿಗಳ ಕೆಳಗೆ ನೂರ ನಲವತ್ತಮೂರು ಜನ ಮಗ್ಗುಲಾಗಿ ಮಲಗಿ, ಓರೆಗಣ್ಣಲ್ಲಿ ಮೇಲೆ ನೋಡುತ್ತಿದ್ದೆವು. ತಂಗಿಯ ಬೆರಳು ನನ್ನ ಬೆರಳಿನೊಳಗೆ ಇತ್ತು, ಒದ್ದೆಯಾಗಿತ್ತು. ಎರಡೂ ಐದು. ಎಲ್ಲೋ ತಗಡು ಟಕ್ ಅಂದಿತು. ಒಬ್ಬಾಕೆ ಜೋರಾಗಿ ಅತ್ತಳು. ಬಿಸಿಲಿಗೆ ತಗಡು ಹಿಗ್ಗಿದ ಸದ್ದು, ಅಷ್ಟೇ.

ಎರಡೂ ಹತ್ತಕ್ಕೆ ಹೊರಗೆ ಕಾರು ಕಿರ್ರೆಂದು ನಿಂತಿತು. ದೊಡ್ಡ ಸಾಹೇಬರು ಓಡಿಬಂದರು. ಅಂಗಿಯ ಇಸ್ತ್ರಿ ಮುರಿದಿತ್ತು, ಮುಖವೆಲ್ಲ ಬೆವರು. ತೆರೆದ ಬಾಗಿಲ ಹೊಸ್ತಿಲಿನ ತನಕ ಬಂದು ಗಕ್ಕನೆ ನಿಂತರು.

"ಬನ್ನಿ ಹೊರಗೆ, ನಿಮಗೋಸ್ಕರ ಹದಿನೈದು ನಿಮಿಷ ತಡೆಸಿದ್ದೀನಿ," ಅಂದರು. ಆಜ್ಞೆಯಾಗಿ ಹೊರಟ ಮಾತು ಬೇಡಿಕೊಂಡ ಹಾಗೆ ಕೇಳಿಸಿತು.

"ನೀವು ಒಳಗೆ ಬನ್ನಿ ಮಾವ," ಅಂದ ಅಳಿಯ, ಎದ್ದು ಕೂತು. "ಕೂತು ಮಾತಾಡೋಣ. ಎಲ್ಲರೂ ಇದ್ದಾರೆ."

ಸಾಹೇಬರು ಒಂದು ಕಾಲು ಎತ್ತಿದರು. ಎತ್ತಿ, ಚಾವಣಿಯ ಜಾಲರಿಯನ್ನು ನೋಡಿದರು. ನಾವೆಲ್ಲ ಅವರನ್ನೇ ನೋಡುತ್ತಿದ್ದೆವು. ಎತ್ತಿದ ಕಾಲನ್ನು ಅವರು ಹೊಸ್ತಿಲಿನ ಆಚೆಯೇ ಇಟ್ಟರು.